ತಾತುವಿನ ತಲೆಗೆ ಕಟ್ಟಿದ ಮಗು

ಪರಾಗ್ವೆಯಲ್ಲಿ ಮನುಷ್ಯರಷ್ಟು ನಾಚಿಕೆಗೆಟ್ಟ ಜಾತಿ ಇನ್ನೊಂದಿಲ್ಲ ಎಂಬುದು ತಾತುವಿನ ಖಚಿತ ಅಭಿಪ್ರಾಯ. ತಾತು ಪೊಂಬೇರೋ ಎಂಬ ರಾತ್ರಿ ಭೂತಗಳ ಕುಲದವನು; ಕುಳ್ಳ, ಮೈತುಂಬ ರೋಮ, ಹಾಳುಬಿದ್ದ ಇಟ್ಟಿಗೆ ಗೂಡಿನಲ್ಲಿ ಸಂಸಾರ. ಅವನ ಸಿಳ್ಳೆ ಕೇಳಿದರೆ ಊರು ಬಾಗಿಲು ಹಾಕಿಕೊಳ್ಳುತ್ತದೆ; ಅವನ ಹೆಸರೆತ್ತಲೂ ಊರಿಗೆ ಧೈರ್ಯವಿಲ್ಲ. ‘ರಾತ್ರಿ ಯಜಮಾನ’ ಎಂದು ಪಿಸುಗುಟ್ಟಿ ಹಿತ್ತಲಲ್ಲಿ ಹೊಗೆಸೊಪ್ಪು, ಜೇನು ಇಡುತ್ತಾರೆ. ಇಟ್ಟಮೇಲೆ ತಮ್ಮ ಹಲ್ಕಾ ಕೆಲಸವನ್ನೆಲ್ಲ ಅವನ ತಲೆಗೆ ಕಟ್ಟುತ್ತಾರೆ. ಮೊಟ್ಟೆ ಕಾಣೆಯಾದರೆ ಅವನು, ಕುದುರೆ ಬಿಚ್ಚಿಕೊಂಡರೆ ಅವನು. ಕುಡಿದು ಚರಂಡಿಗೆ ಬಿದ್ದವನನ್ನು ತಳ್ಳಿದ್ದೂ ಅವನೇ! ತಾತು ಇಷ್ಟಕ್ಕೂ ಥೂ ಎಂದು ಉಗಿದು ಸುಮ್ಮನಾಗುತ್ತಿದ್ದ. ಹೊಗೆಸೊಪ್ಪು ಚೆನ್ನಾಗಿತ್ತು.

ಆದರೆ ಮರಗೆಣಸು ಮಾರುವ ಎಲಿಹಿಯಾಳ ಮಗಳು, ಇಪ್ಪತ್ತು ದಾಟಿದ ದಿಯೋಲಿಂಡ, ಮದುವೆಯಿಲ್ಲದೆ ಬಸುರಾದಳು. ಎಲಿಹಿಯಾ ಬೀದಿಗೆ ಬಂದು ಎದೆ ಬಡಿದುಕೊಂಡಳು.

“ಅಯ್ಯೋ, ರಾತ್ರಿ ಯಜಮಾನ ಬಂದು ಹೊಟ್ಟೆ ಮುಟ್ಟಿ ಹೋದ ಕಣ್ರಮ್ಮಾ! ನನ್ ಮಗಳದೇನೂ ತಪ್ಪಿಲ್ಲ!”

ಊರು ನಂಬಿತು. ಊರು ಹಾಳಾಗಿ ಹೋಗಲಿ, ತಾತುವಿನ ಹೆಂಡತಿ ಯಾಸಿಯೂ ನಂಬಿದಳು!

“ಲೇ, ನಿನ್ನಾಣೆ, ಆ ಮನೇಲಿ ನಾನ್ ಮುಟ್ಟಿದ್ದು ಹೊಗೆಸೊಪ್ಪು ಒಂದೇ ಕಣೇ!”

“ಹೊರಗ್ ನಡಿ. ಮಗು ಹುಟ್ಲಿ. ಮೈಮೇಲ್ ರೋಮ ಇದ್ರೆ ಈ ಕಡೆ ತಲೆ ಹಾಕ್ಬೇಡ.”

ತಾತು ಸೀಬೆ ಮರದ ಮೇಲೆ ಮಲಗತೊಡಗಿದ. ಅವಳಿಲ್ಲದೆ ಹೊಗೆಸೊಪ್ಪೂ ರುಚಿಸಲಿಲ್ಲ.

ಮಗುವಿನ ನಾಮಕರಣದ ದಿನ, ಅದರ ಮೈಮೇಲೆ ರೋಮ ಇದೆಯೋ ಇಲ್ಲವೋ ನೋಡಲೆಂದು, ಗಂಡಹೆಂಡಿರಿಬ್ಬರೂ ಚರ್ಚಿನ ಕಿಟಕಿಯಾಚೆ ಪೊದೆಯಲ್ಲಿ ಅಡಗಿ ಕೂತರು. ಮಗುವಿನ ಮೈ ನುಣ್ಣಗಿತ್ತು. ಕಿವಿಗಳು ಮಾತ್ರ ಮೊರದಗಲ! ಅಂಥ ಕಿವಿಗಳು ಊರಲ್ಲಿ ಇನ್ನೊಬ್ಬನಿಗಷ್ಟೇ ಇದ್ದವು. ಅವನು ಚರ್ಚಿನಲ್ಲಿ ಹಾರ್ಪ್ ನುಡಿಸುವ ಮರ್ಯಾದಸ್ಥ, ಆಲ್ಸಿಡೆಸ್.

ಯಾಸಿ ಗಂಡನ ತೋಳು ಹಿಡಿದಳು. “ತಪ್ಪಾಯ್ತು ಕಣೋ. ಮನೆಗ್ ಬಾ.”

ತಾತುವಿಗೆ ಹೋದ ಜೀವ ಬಂದಂತಾಯಿತು.

ಒಳಗೆ ಪಾದ್ರಿ ಕೇಳಿದರು: “ಮಗೂಗೆ ತಂದೆ ಯಾರಮ್ಮ?”

ದಿಯೋಲಿಂಡ ಆಲ್ಸಿಡೆಸ್‌ನ ಕಡೆ ನೋಡಿದಳು. ಆಲ್ಸಿಡೆಸ್ ಸೂರು ನೋಡಿದ. ಆ ಕಿವಿಗಳನ್ನು ಊರೆಲ್ಲ ಕಂಡಿತ್ತು, ಆದರೂ ಒಬ್ಬರೂ ತುಟಿ ಬಿಚ್ಚಲಿಲ್ಲ. ಪಾದ್ರಿ ಮತ್ತೆ ಕೇಳಿದರು. ದಿಯೋಲಿಂಡ ತಲೆ ತಗ್ಗಿಸಿ ಅತ್ತಳು.

“ಥೂ, ಇವರ ಜನ್ಮಕ್ಕಿಷ್ಟು! ಇಷ್ಟ್ ಜನರಲ್ಲಿ ಒಬ್ಬನಿಗೂ ಗಂಡಸ್ತನ ಇಲ್ವಲ್ಲೇ!” ಎಂದ ತಾತು.

“ನಿಂಗಿದ್ಯಲ್ಲ,” ಎಂದಳು ಯಾಸಿ. “ಹೇಗೂ ಹೆಸರು ಕೆಟ್ಟಾಗಿದೆ. ಸಿಳ್ಳೆ ಹಾಕು.”

ಇಡೀ ಊರು ಹೆದರುವ ಆ ಸಿಳ್ಳೆಯನ್ನು ತಾತು ಉದ್ದಕ್ಕೆ ಹಾಕಿದ. ತಂದೆ ಯಾರೆಂಬುದಕ್ಕೆ ಉತ್ತರ ಸಿಕ್ಕಿತೆಂಬಂತೆ ಪಾದ್ರಿ ಗಡಿಬಿಡಿಯಲ್ಲಿ ಮಗುವಿನ ತಲೆಗೆ ನೀರು ಸುರಿದರು. ದಿಯೋಲಿಂಡ ಕಿಟಕಿಯತ್ತ ತಿರುಗಿ ತಲೆಯೆತ್ತಿ ನಿಂತಳು. ಮರ್ಯಾದಸ್ಥ ಆಲ್ಸಿಡೆಸ್ ಶಿಲುಬೆ ಗುರುತು ಹಾಕಿಕೊಂಡು, ಬಲು ನೆಮ್ಮದಿಯಿಂದ ಹಾರ್ಪ್ ನುಡಿಸತೊಡಗಿದ.