ದಾಸಪ್ಪನ ಮುಖ ಬಲ್ಲ ಕಾಗೆಗಳು

ಶೆಟ್ಟಿಹಳ್ಳಿಯ ಲೈನ್‌ಮನ್ ದಾಸಪ್ಪ ಆ ಏಪ್ರಿಲ್‌ನಲ್ಲಿ ತನ್ನದೇ ಬೀದಿಯ ಕಂಬದಿಂದ ಒಂದು ಕಾಗೆಗೂಡು ಕಿತ್ತ. ಕಟ್ಟಡಗಳ ಬಳಿ ಹೆಕ್ಕಿ ತಂದ ಕಬ್ಬಿಣದ ತಂತಿಯಲ್ಲಿ ಹೆಣೆದ ಗೂಡು. ಲೈನಿಗೆ ತಗುಲಿ ಎರಡು ಸಲ ಕರೆಂಟ್ ಹೋಗಿತ್ತು. ಕೆಳಗೆಸೆದ ಮೇಲೆ ನೋಡಿದರೆ ಒಳಗೆ ರೆಕ್ಕೆ ಬಲಿಯದ ಎರಡು ಮರಿ. ಎರಡೂ ಉಳಿಯಲಿಲ್ಲ.

ಅಂದು ಸಂಜೆಯೇ ಅವನ ನೆತ್ತಿಗೆ ಕಾಗೆಯ ಮೊದಲ ಏಟು ಬಿತ್ತು. ಆಮೇಲೆ ದಿನವೂ. ದಾಸಪ್ಪ ಹೆಲ್ಮೆಟ್ ಬದಲಿಸಿದ, ಕೊಡೆ ಹಿಡಿದ, ಹಿಂದಿನ ಬೀದಿ ಸುತ್ತಿ ಬಂದ. ಮಾಸ್ಕ್ ಹಾಕಿದ ದಿನ ಮಾತ್ರ ಅವು ಸುಮ್ಮನಿದ್ದವು. ಟೀ ಕುಡಿಯಲು ಮಾಸ್ಕ್ ಇಳಿಸಿದ್ದೇ ತಡ, ಕೂಗಾಟ ಶುರು. ಅದೇ ಖಾಕಿ ತೊಟ್ಟು ಪಕ್ಕದಲ್ಲೇ ನಿಂತಿದ್ದ ಜತೆಗಾರ ಮುನೀಂದ್ರನ ತಂಟೆಗೆ ಒಂದೂ ಹೋಗಲಿಲ್ಲ.

"ನಿನ್ ಮುಖಾನೇ ಗುರುತಿಟ್ಕೊಂಡವೆ ಗುರು," ಎಂದ ಮುನೀಂದ್ರ. "ಆ ಗೂಡಿನ ಜೋಡಿ ಮಾತ್ರ ಅಲ್ಲ, ಬೇರೆವುಕ್ಕೂ ಹೇಳ್ಕೊಟ್ಟವೆ."

ಅಂದಿನಿಂದ ಕಂಬ ಹತ್ತುವ ಮುಂಚೆ ದಾಸಪ್ಪ ಸುತ್ತಲ ಮರಗಳನ್ನೆಲ್ಲ ನೋಡತೊಡಗಿದ.

ಮಹಾಲಯ ಅಮಾವಾಸ್ಯೆ ಬಂತು. ತೀರಿಹೋದ ಅಪ್ಪನಿಗೆ ಎಡೆಯಿಟ್ಟು, ಬಾಳೆಲೆಯನ್ನು ತಾರಸಿಗೆ ಒಯ್ದು ದಾಸಪ್ಪ "ಕಾ ಕಾ" ಎಂದು ಕರೆದ. ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಏಳೆಂಟು ಕಾಗೆ ಕೂತು ಕಿರುಚಿದವೇ ಹೊರತು ಒಂದೂ ಇಳಿಯಲಿಲ್ಲ. ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ. ಎರಡು ಗಂಟೆ ಕಳೆಯಿತು.

ಪಕ್ಕದ ಸಿಂಗಾಪುರ ಹಳ್ಳಿಯಿಂದ ಬಂದಿದ್ದ ಸೋದರತ್ತೆ ಕಣ್ಣೊರೆಸಿಕೊಂಡಳು. "ನಿಮ್ಮಪ್ಪಂಗೆ ಏನೋ ಆಸೆ ಉಳ್ದದೆ ಕಣೋ. ಇಂಗೆ ಯಾವತ್ತೂ ಆಗಿರ್ಲಿಲ್ಲ."

ದಾಸಪ್ಪ ಹೌದೆಂದು ತಲೆಯಾಡಿಸಿಬಿಡಬಹುದಿತ್ತು. ಮರಿಗಳ ವಿಷಯವನ್ನು ಅವನು ಹೆಂಡತಿ ಗೋಪಾಲಮ್ಮನಿಗೂ ಹೇಳಿರಲಿಲ್ಲ. ಆದರೆ ಸತ್ತ ಅಪ್ಪನ ತಲೆಗೆ ಇದನ್ನು ಕಟ್ಟಲು ಅವನಿಗೆ ಮನಸ್ಸಾಗಲಿಲ್ಲ.

"ಅಪ್ಪಂದಲ್ಲ ಅತ್ತೆ. ಅವುಕ್ಕೆ ನನ್ ಮೇಲೆ ಸಿಟ್ಟು. ಗೂಡು ಕಿತ್ತಾಗ ಮರಿ ಸತ್ವು." ಹೆಂಡತಿಯ ಕಡೆ ತಿರುಗಿದ. "ನೀನೇ ಕರಿ. ನಾನ್ ಕೆಳೀಕ್ ಹೋಗ್ತೀನಿ."

ಕೋಣೆಯ ಬಾಗಿಲು ಹಾಕಿಕೊಂಡು ಕೂತ. ಗೋಪಾಲಮ್ಮ ಒಂದೇ ಸಲ ಕರೆದಳು. ರೆಕ್ಕೆಗಳ ಸದ್ದು ಅವನಿಗೆ ಅಲ್ಲಿಗೇ ಕೇಳಿಸಿತು. ಅಪ್ಪನ ಎಡೆ ಸಂದಿತ್ತು, ಮಗ ಬಚ್ಚಿಟ್ಟುಕೊಂಡ ಮೇಲೆ.

ಊಟಕ್ಕೆ ಬಡಿಸುತ್ತಾ ಗೋಪಾಲಮ್ಮ ಮೆಲ್ಲಗೆ ಕೇಳಿದಳು, "ಎಷ್ಟು ಮರಿ?"

"ಎರಡು."

ಅವಳು ಇನ್ನೊಂದು ಸೌಟು ಸಾರು ಬಡಿಸಿದಳು. ಅವನು ಅರ್ಧಕ್ಕೇ ಎಲೆ ಮಡಚಿ ಎದ್ದ.

ಮರುವರ್ಷ ಅದೇ ಬೀದಿಯಲ್ಲಿ ಇನ್ನೊಂದು ಗೂಡಿನ ದೂರು ಬಂತು. ದಾಸಪ್ಪ ಕೋಲಿನ ತುದಿಗೆ ಮೊಬೈಲ್ ಕಟ್ಟಿ ಒಳಗೆ ನೋಡಿದ. ಮೂರು ಮೊಟ್ಟೆ. ಲೈನ್ ಆಫ್ ಮಾಡಿಸಿ, ಗೂಡನ್ನು ಮುಟ್ಟದೆ, ಅದು ತಗುಲಿದರೂ ಕರೆಂಟ್ ಹೋಗದಂತೆ ಲೈನಿನ ತಂತಿಗೆ ರಬ್ಬರ್ ಕೊಳವೆ ತೊಡಿಸಿದ. ಅಷ್ಟು ಹೊತ್ತೂ ಕಾಗೆಗಳು ಕುಕ್ಕಿದವು. ಕತ್ತಿನಿಂದ ರಕ್ತ ಇಳಿಯಿತು. ತಡಮಾಡಿದ್ದಕ್ಕೆ ಮೇಲಿನವರಿಂದ ಬೈಗುಳ ಬೇರೆ.

ಜೂನ್ ಹೊತ್ತಿಗೆ ಮೂರು ಮರಿಗಳೂ ಹಾರಿದವು. ದಾಸಪ್ಪ ಬೀದಿಗಿಳಿದರೆ ದೊಡ್ಡವುಗಳ ಜತೆ ಈಗ ಅವೂ ಕೂಗುತ್ತವೆ. ಅವನು ತಲೆ ತಗ್ಗಿಸಿ ಬೇಗ ಬೇಗ ನಡೆಯುತ್ತಾನೆ.