ಮೈಕ್ ಮರೆಪ್ಪ

ಪಿಯುಸಿ ಮುಗಿದ ೨೦೦೩ರ ಬೇಸಿಗೆಯಲ್ಲಿ, ಕೆಂಗೇರಿಗೆ ಬಂದಿದ್ದ ಎಕ್ಸಿಬಿಷನ್ನಿನಲ್ಲಿ ನಾನು ಜೈಂಟ್ ವೀಲಿನ ಟಿಕೆಟ್ ಹರಿಯುತ್ತಿದ್ದೆ. ಪಕ್ಕದ ಡೇರೆಯಲ್ಲಿ ಮೈಕ್ ಹಿಡಿದು ಕೂರುತ್ತಿದ್ದವರು ರಾಯಚೂರು ಕಡೆಯ, ಅರವತ್ತು ದಾಟಿದ ಮರೆಪ್ಪ. ಅವರ ದನಿಗೆ ಮೈಸೂರು ರಸ್ತೆಯ ಬಸ್ಸುಗಳೇ ಹಾರನ್ ನಿಲ್ಲಿಸುತ್ತಿದ್ದವು. ತಪ್ಪಿಸಿಕೊಂಡ ಮಗು ಸಿಕ್ಕರೆ ಮೇಜಿನ ಮೇಲೆ ಕೂರಿಸಿಕೊಂಡು ಕೂಗುತ್ತಿದ್ದರು: "ಹೊಸಹಳ್ಳಿ ಕೀರ್ತನಾ ಅವರ ಅಪ್ಪ ಕಳೆದುಹೋಗಿದ್ದಾರೆ. ಯಾರಿಗಾದ್ರೂ ಸಿಕ್ರೆ, ಅಳ್ತಾ ಇದ್ರೆ, ಸಮಾಧಾನ ಮಾಡಿ ಕರ್ಕೊಂಡ್ ಬನ್ನಿ." ಮಗು ತನ್ನ ಅಳು ಮರೆತು, ಪಾಪದ ಅಪ್ಪನಿಗಾಗಿ ಕಾಯುತ್ತಿತ್ತು. ಮೈಕ್ ಟೆಸ್ಟ್ ಮಾಡುವಾಗಲೂ ಅವರು ಒನ್ ಟೂ ತ್ರೀ ಎನ್ನುತ್ತಿರಲಿಲ್ಲ. ದಿನಾ ಮಧ್ಯಾಹ್ನ ಖಾಲಿ ಮೈದಾನಕ್ಕೆ ತಮ್ಮೂರ ಮಾತಿನಲ್ಲಿ, "ಮರೆಪ್ಪನ ಅವ್ವ ಕಳ್ದ್ಹೋಗ್ಯಾಳ. ಎಲ್ಲಿದ್ರೂ ಬಾರಬೇ ಯವ್ವ, ನಾ ಇಲ್ಲೇ ಅದೀನಿ" ಎಂದು ಕೂಗಿ, ಸ್ವಲ್ಪ ಹೊತ್ತು ಗೇಟಿನ ಕಡೆಗೇ ನೋಡುತ್ತಿದ್ದರು.