ಗಟ್ಟಿಮೇಳದ ಪೆಟ್ಟಿಗೆ

ಹೊಸಪೇಟೆಯ ಆರ್ಕೆಸ್ಟ್ರಾವೊಂದರಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಕಾಲಕ್ಕೆ ನನಗೆ ಇಪ್ಪತ್ತಾರು ವರ್ಷ, ನನ್ನ ಅಹಂಕಾರಕ್ಕೆ ಅರವತ್ತು. ಹಂಪಿಯಲ್ಲಿ ತಂಗಿದ್ದ ವಿದೇಶಿಯೊಬ್ಬನಿಗೆ ನನ್ನ ಸೈಕಲ್ ಕೊಟ್ಟು, ಕರೆಂಟಿನಲ್ಲಿ ತಾನೇ ತಾಳ ಬಾರಿಸುವ ಅವನ ಹಳೆಯ ರಿದಮ್ ಬಾಕ್ಸ್ ತಂದಿದ್ದೆ. ಮರದ ಪೆಟ್ಟಿಗೆ, ಮುಂದೆ ಒಂದು ಸಾಲು ಗುಂಡಿಗಳು. ಒಂದು ಒತ್ತಿದರೆ ವಾಲ್ಟ್ಜ್ ಎಂಬ ತಾಳ, ಇನ್ನೊಂದು ಒತ್ತಿದರೆ ರಾಕ್. ಎರಡನ್ನೂ ಒಟ್ಟಿಗೆ ಒತ್ತಿದರೆ ಎರಡು ತಾಳವೂ ಕಲೆತು ಬರುತ್ತಿದ್ದವು. ಸದ್ದು ಮಾತ್ರ ತಗಡಿನ ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿದ ಹಾಗೆ. ಸಂಡೂರಿನಲ್ಲಿ ಜನ ವೇದಿಕೆಯ ಹಿಂದೆ ಬಂದು, ಡ್ರಮ್ಮು ಬಾರಿಸುವವನು ಎಲ್ಲಿ ಅಡಗಿದ್ದಾನೆಂದು ಹುಡುಕಿದ್ದರು. ನಮ್ಮ ಢೋಲಕ್‌ನವನು ಪೆಟ್ಟಿಗೆಯನ್ನೇ ನೋಡುತ್ತ ನಿಂತು, ಇದಕ್ಕೆ ಬೆವರು ಬರುವುದಿಲ್ಲ ಅಲ್ಲವೇ ಎಂದು ಕೇಳಿದ. ನಾನು ಹೊಗಳಿಕೆಯೆಂದೇ ತಿಳಿದೆ.

ಅದೇ ಹುರುಪಿನಲ್ಲಿ ಕಂಪ್ಲಿಯ ಹುಡುಗಿಯೊಂದಿಗೆ ಮದುವೆ ಗೊತ್ತಾಯಿತು. ಓಲಗದ ವಾಜಂತ್ರಿಯವರು ಬೇಡ, ಗಟ್ಟಿಮೇಳಕ್ಕೆ ನನ್ನ ಪೆಟ್ಟಿಗೆಯೇ ಸಾಕು ಎಂದು ಹಟ ಹಿಡಿದೆ. ತಾಳಿ ಕಟ್ಟುವಾಗ ಅಶುಭದ ಸದ್ದೇನಾದರೂ ಕಿವಿಗೆ ಬಿದ್ದರೆ ಮದುವೆಯನ್ನೇ ನಿಲ್ಲಿಸುವುದಾಗಿ ಹುಡುಗಿಯ ಅಜ್ಜಿ ಹೇಳಿ ಕಳಿಸಿದರು. ಅಳಿಯ ಓದಿದವನು ಎಂದು ಮಾವನವರು ಅವರನ್ನು ಸಮಾಧಾನಪಡಿಸಿದರು. ಆ ಓದಿದವನು ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದು ಅವರಿಗೆ ಗೊತ್ತಿರಲಿಲ್ಲ.

ಬೇರೆಯವರು ಮುಟ್ಟಿ ಕೆಡಿಸಿಯಾರೆಂದು ಪೆಟ್ಟಿಗೆಯನ್ನು ಹಸೆಮಣೆಯ ಪಕ್ಕದಲ್ಲೇ ಇಟ್ಟುಕೊಂಡೆ. ಬಾಸಿಂಗ ಕಟ್ಟಿಕೊಂಡ ಮದುಮಗ ತನ್ನ ಮದುವೆಗೆ ತಾನೇ ವಾಜಂತ್ರಿ. ಪುರೋಹಿತರು ಕೈ ಎತ್ತಿದ ಕೂಡಲೇ ಗುಂಡಿಗಳನ್ನೆಲ್ಲ ಒಮ್ಮೆಗೇ ಒತ್ತಿ ತಾಳಿ ಎತ್ತಿಕೊಂಡೆ. ಒಂದೆರಡು ಕ್ಷಣ ಚೆನ್ನಾಗಿಯೇ ಬಾರಿಸಿತು. ಅಷ್ಟರಲ್ಲಿ ಹೊಳೆದಂಡೆಯ ಪಂಪ್‌ಸೆಟ್ಟುಗಳೆಲ್ಲ ಶುರುವಾದವೋ ಏನೋ, ಕರೆಂಟು ಇಳಿದು ಬಲ್ಬುಗಳು ಕೆಂಪಾದವು. ಪೆಟ್ಟಿಗೆ ಏರು ಹತ್ತುವ ಎತ್ತಿನಂತೆ ನಿಧಾನವಾಗುತ್ತ ನಿಂತೇಬಿಟ್ಟಿತು. ಜನವೆಲ್ಲ ಅದನ್ನೇ ನೋಡುತ್ತ ಸುಮ್ಮನಿದ್ದರು. ಹೋಮದ ಹೊಗೆ ಮೂಗಿಗೆ ಅಡರಿತು. ಆ ನಿಶ್ಶಬ್ದದಲ್ಲಿ ಚಪ್ಪರ ಹಾರಿಹೋಗುವಂತೆ ಸೀನಿದವನು ನಾನೇ.

ಅಜ್ಜಿ ಎದ್ದು ನಿಂತರು. ಪುರೋಹಿತರ ಮಂತ್ರ ನಿಂತಿತು. ಮಾವನವರು ನೆಲ ನೋಡತೊಡಗಿದರು. ನನ್ನ ಜಂಬಕ್ಕೆ ಈ ಹುಡುಗಿ ಕೈತಪ್ಪಿದಳಲ್ಲ ಎಂದು ನಿಜವಾಗಿಯೂ ಹೆದರಿದೆ. ತಾಳಿ ಹಿಡಿದ ಕೈ ನಡುಗುತ್ತಿತ್ತು.

ಅಲ್ಲಿಯತನಕ ನನ್ನೊಂದಿಗೆ ಒಂದು ಮಾತೂ ಆಡದಿದ್ದ ಅವಳು ತಲೆ ಎತ್ತಿ ಅಜ್ಜಿಯನ್ನು ನೋಡಿದಳು.

"ಸೀನೂ ಅವರದ, ಪೆಟ್ಟಿಗೀನೂ ಅವರದ. ಅಪಶಕುನ ಆಗಿದ್ರ ಅವರಿಗೇ ಆಗ್ಯದ, ನನಗೇನಿಲ್ಲ ಬಿಡಜ್ಜಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀವು ಕೈ ನಡುಗಿಸಬ್ಯಾಡ್ರಿ. ಜಲ್ದಿ ಕಟ್ರಿ."